ಊರನ್ನೇ ಫೇರ್‌ಟ್ರೇಡ್ ಮಾಡುವುದು ಹೇಗೆ? ಗಾರ್‌ಸ್ಟಾಂಗ್ ತೋರಿಸಿದ ದಾರಿ

ಇಂಗ್ಲೆಂಡಿನ ಲ್ಯಾಂಕಾಷೈರ್‌ನಲ್ಲಿ ಗಾರ್‌ಸ್ಟಾಂಗ್ ಅನ್ನುವ ಪುಟ್ಟ ಸಂತೆ ಊರಿದೆ. ಜಗತ್ತಿನ ಮೊದಲ ಫೇರ್‌ಟ್ರೇಡ್ ಊರು ಇದೇ. ದೂರದೇಶದ ರೈತರಿಗೆ ನ್ಯಾಯವಾದ ಬೆಲೆ ಕೊಟ್ಟು ತಂದ ಕಾಫಿ, ಟೀ, ಚಾಕೊಲೇಟನ್ನು ಆದಷ್ಟು ಬಳಸುತ್ತೇವೆ, ಮಾರುತ್ತೇವೆ ಎಂದು 2000ರ ಏಪ್ರಿಲ್‌ನಲ್ಲಿ ಊರವರು ಸಭೆ ಸೇರಿ ಒಪ್ಪಿದರು. ಈಗ ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಊರುಗಳಿವೆ. ಇದನ್ನು ಶುರು ಮಾಡಿದ್ದು ಆಕ್ಸ್‌ಫ್ಯಾಮ್ ನೆರವು ಸಂಸ್ಥೆಯ ಸ್ಥಳೀಯ ಸ್ವಯಂಸೇವಕರ ಗುಂಪು. ಮುಂದೆ ನಿಂತವರು ಬ್ರೂಸ್ ಕ್ರೌಥರ್ ಎಂಬ ಪಶುವೈದ್ಯರು.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಊರಲ್ಲಿ ಇಂಥ ಗುಂಪು ಕಟ್ಟಬಹುದು, ಇದ್ದರೆ ಸೇರಿಕೊಳ್ಳಬಹುದು. ಹೇಗೆ ಅಂತ ನೋಡೋಣ.

ಮೊದಲು ಬೆಲೆಯ ಲೆಕ್ಕ ಕಲಿಯಿರಿ

ಗುಂಪು ಫೇರ್‌ಟ್ರೇಡ್ ಸರಕಿನ ಸ್ಟಾಲ್ ಹಾಕಿದಾಗ ಅದರ ಮುಂದೆ ನಿಂತವರು ಕೇಳುವ ಮೊದಲ ಪ್ರಶ್ನೆ, "ಈ ದುಡ್ಡು ರೈತನಿಗೆ ನಿಜವಾಗಿ ಹೋಗುತ್ತಾ?" ತಡವರಿಸಿದರೆ ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಒಂದು ಬೆಳೆಯನ್ನಾದರೂ ಚೆನ್ನಾಗಿ ತಿಳಿದುಕೊಳ್ಳಿ. ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯವರಿಗೆ ಕಾಫಿ ಸುಲಭ. ತೊಳೆದು ಸಂಸ್ಕರಿಸಿದ ಅರೇಬಿಕಾ, ಅಂದರೆ ನಮ್ಮವರು ಪಾರ್ಚ್‌ಮೆಂಟ್ ಅನ್ನುವ ಕಾಫಿಗೆ, 2023ರ ಆಗಸ್ಟ್‌ನಿಂದ ಫೇರ್‌ಟ್ರೇಡ್ ಕನಿಷ್ಠ ಬೆಲೆ ಪೌಂಡ್ ತೂಕಕ್ಕೆ 1.80 ಡಾಲರ್. ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಬಿದ್ದರೂ ಇಷ್ಟು ಕೊಡಲೇಬೇಕು. ಮೇಲಿದ್ದರೆ ಮಾರುಕಟ್ಟೆ ದರವೇ ಸಿಗುತ್ತದೆ. ಇದರ ಮೇಲೆ ಪೌಂಡ್ ತೂಕಕ್ಕೆ 20 ಸೆಂಟ್ ಪ್ರೀಮಿಯಂ, ಅಂದರೆ ಹೆಚ್ಚುವರಿ ಹಣ, ಬೇರೆ.

ಈ ಹಣ ಸಂದಾಯವಾಗುವುದು ರೈತರ ಸಹಕಾರ ಸಂಘಕ್ಕೆ. ನಮ್ಮ ಹಳ್ಳಿಯ ಹಾಲಿನ ಸೊಸೈಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೀಮಿಯಂ ದುಡ್ಡಲ್ಲಿ ಶಾಲೆಗೆ ಕೋಣೆ ಕಟ್ಟಬೇಕೋ, ಒಣಗಿಸುವ ಕಣ ಮಾಡಬೇಕೋ ಎಂದು ಸದಸ್ಯರೇ ಸಭೆಯಲ್ಲಿ ತೀರ್ಮಾನಿಸುತ್ತಾರೆ. ಒಂದು ಮಾತನ್ನು ಮುಚ್ಚಿಡಬೇಡಿ. ಸಂಘ ತನ್ನ ಅಷ್ಟೂ ಕಾಫಿಯನ್ನು ಈ ಬೆಲೆಗೆ ಮಾರಲು ಆಗುವುದಿಲ್ಲ. ಕೊಳ್ಳುವವರು ಇದ್ದಷ್ಟಕ್ಕೆ ಮಾತ್ರ. ಉಳಿದದ್ದು ಮಾಮೂಲಿ ದರಕ್ಕೇ ಹೋಗುತ್ತದೆ. ಊರೂರಲ್ಲಿ ಗ್ರಾಹಕರನ್ನು ಹುಡುಕುವ ಗುಂಪು ಬೇಕಾಗಿರುವುದೇ ಇದಕ್ಕೆ.

ನೆರವಿನ ಹಣ ಬೇರೆ ಇಡಿ

ಭೂಕಂಪ, ಬರ, ಯುದ್ಧದ ಹೊತ್ತಲ್ಲಿ ಚಂದಾ ಎತ್ತುವುದು ಒಂದು ಕೆಲಸ. ವರ್ಷವಿಡೀ ಕಾಫಿ ಮಾರುವುದು ಇನ್ನೊಂದು. ಎರಡನ್ನೂ ಒಂದೇ ಗುಂಪು ಮಾಡಬಹುದು, ಆದರೆ ಡಬ್ಬಿ ಮತ್ತು ಲೆಕ್ಕದ ಪುಸ್ತಕ ಬೇರೆ ಬೇರೆ ಇರಲಿ. ಬೀದಿಯಲ್ಲಿ ಡಬ್ಬಿ ಹಿಡಿಯಲು ಸಾಮಾನ್ಯವಾಗಿ ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ಪುರಸಭೆಯಂಥ ಆಡಳಿತದ, ಪರವಾನಗಿ ಬೇಕು, ಸುಮ್ನೆ ಹೋಗಿ ನಿಲ್ಲಬೇಡಿ.

ಊಟಕ್ಕೆ ಕರೆಯಿರಿ

ಗಾರ್‌ಸ್ಟಾಂಗ್ ಗುಂಪು 1992ರಿಂದಲೂ ಅಂಗಡಿ, ಕೆಫೆ, ಚರ್ಚ್‌ಗಳ ಬಾಗಿಲು ತಟ್ಟುತ್ತಿತ್ತು. ಫಲ ಅಷ್ಟಕ್ಕಷ್ಟೇ. 2000ದಲ್ಲಿ ಅವರು ಅಂಗಡಿಯವರನ್ನೂ ಶಾಲೆ, ಚರ್ಚ್‌ನವರನ್ನೂ ಊಟಕ್ಕೆ ಕರೆದರು. ಫೇರ್‌ಟ್ರೇಡ್ ಸಾಮಗ್ರಿಯ ಜೊತೆಗೆ ಸುತ್ತಮುತ್ತಲ ರೈತರು ಬೆಳೆದದ್ದನ್ನೂ ಬಡಿಸಿದರು. ಆ ಹೊತ್ತಿಗೆ ಲ್ಯಾಂಕಾಷೈರ್‌ನ ಹೈನುಗಾರರು ಹಾಲಿಗೆ ಬೆಲೆ ಸಿಗದೆ ಒದ್ದಾಡುತ್ತಿದ್ದರು. ಘಾನಾದ ಕೋಕೋ ರೈತನ ಗೋಳೂ ಪಕ್ಕದ ಹೊಲದವನ ಗೋಳೂ ಒಂದೇ ಅಂತ ಜನರಿಗೆ ಹೊಳೆದದ್ದು ಅಲ್ಲಿ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಣತನದ ಹೆಜ್ಜೆ ಇದೇ. "ಮೊದಲು ನಮ್ಮವರಿಗೆ ಮಾಡಿ" ಅನ್ನುವವರು ಎಲ್ಲಾ ಊರಲ್ಲೂ ಇರುತ್ತಾರೆ, ಅಲ್ವಾ? ಅವರನ್ನೂ ಊಟಕ್ಕೆ ಕೂರಿಸಿ.

ಕೈಗೆಟುಕುವುದನ್ನೇ ಕೇಳಿ. ಕೆಫೆಯ ಮೆನು ಪೂರ್ತಿ ಬದಲಿಸಿ ಅನ್ನಬೇಡಿ, ಟೀ ಒಂದನ್ನು ಬದಲಿಸಿ ಅನ್ನಿ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಕಾಫಿಪುಡಿ, ಸಕ್ಕರೆ ತರುವವರು ಯಾರು ಅಂತ ಕೇಳಿಕೊಂಡು ಅವರ ಹತ್ತಿರವೇ ಮಾತಾಡಿ.

ಕೌನ್ಸಿಲ್, ಅಂಗಡಿ, ಪತ್ರಿಕೆ

ಬ್ರಿಟನ್ನಿನ ಫೇರ್‌ಟ್ರೇಡ್ ಫೌಂಡೇಶನ್ ಸಂಸ್ಥೆ 'ಫೇರ್‌ಟ್ರೇಡ್ ಊರು' ಎಂಬ ಮಾನ್ಯತೆಗೆ ಐದು ಗುರಿ ಇಟ್ಟಿತ್ತು. ಕೌನ್ಸಿಲ್ ಬೆಂಬಲದ ನಿರ್ಣಯ ಮಾಡಬೇಕು, ತನ್ನ ಸಭೆಗಳಲ್ಲಿ ಇಂಥ ಟೀ-ಕಾಫಿಯನ್ನೇ ಕೊಡಬೇಕು. ಅಂಗಡಿ, ಕೆಫೆಗಳಲ್ಲಿ ಸರಕು ಸಿಗಬೇಕು. ಶಾಲೆ, ಚರ್ಚ್, ಕಚೇರಿಗಳು ಬಳಸಬೇಕು. ಸ್ಥಳೀಯ ಪತ್ರಿಕೆಯಲ್ಲಿ ಸುದ್ದಿ ಬರಬೇಕು. ಇದನ್ನೆಲ್ಲ ನೋಡಿಕೊಳ್ಳಲು ಒಂದು ಸಮಿತಿ ಇರಬೇಕು. ಕೌನ್ಸಿಲ್‌ಗೆ ಕೊನೆಯಲ್ಲಿ ಹೋಗುವುದು ಒಳ್ಳೆಯದು. ಅಂಗಡಿಯವರ ಸಹಿ ಕೈಯಲ್ಲಿದ್ದರೆ ಸದಸ್ಯರು ಬೇಗ ಒಪ್ಪುತ್ತಾರೆ.

ಪೊಟ್ಟಣ ತಿರುಗಿಸಿ ನೋಡಿ

ಮಾನ್ಯತೆ ಸಿಕ್ಕ ಮೇಲೂ ಕಣ್ಣಿಟ್ಟಿರಬೇಕು. 2017ರಲ್ಲಿ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ತನ್ನ ಸ್ವಂತ ಬ್ರಾಂಡ್ ಟೀಗೆ ಫೇರ್‌ಟ್ರೇಡ್ ಗುರುತು ಬಿಟ್ಟು 'ಫೇರ್ಲಿ ಟ್ರೇಡೆಡ್' ಎಂಬ ತನ್ನದೇ ಯೋಜನೆ ತಂದಿತು. ಹೆಸರು ಅವಳಿಜವಳಿ, ಆದರೆ ಪ್ರೀಮಿಯಂ ದುಡ್ಡಿನ ಹಿಡಿತ ರೈತರ ಕೈತಪ್ಪುತ್ತದೆ ಎಂದು ಆಫ್ರಿಕಾದ ಬೆಳೆಗಾರರ ಸಂಘಟನೆಗಳು ಆಗ ಪ್ರತಿಭಟಿಸಿದವು. ನೀಲಿ-ಹಸಿರು-ಕಪ್ಪಿನ ಫೇರ್‌ಟ್ರೇಡ್ ಗುರುತನ್ನು ಗುಂಪಿನ ಎಲ್ಲರೂ ಗುರುತಿಸುವಂತಾಗಲಿ.

ಸ್ಟಾಲ್‌ಗೆ ಒಬ್ಬರನ್ನೇ ನಂಬಿ ಸರಕು ತರಿಸಬೇಡಿ. ಎಷ್ಟೋ ಚರ್ಚ್ ಸ್ಟಾಲ್‌ಗಳು ಟ್ರೇಡ್‌ಕ್ರಾಫ್ಟ್ ಕಂಪನಿಯ ಮೇಲೇ ನಿಂತಿದ್ದವು. 2023ರ ಜನವರಿಯಲ್ಲಿ ಅದು ಮುಳುಗಿತು.

ಯಾವಾಗ ಶುರು ಮಾಡುವುದು?

ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಎರಡು ವಾರ ಫೇರ್‌ಟ್ರೇಡ್ ಫೋರ್ಟ್‌ನೈಟ್ ನಡೆಯುತ್ತದೆ. ಹಿಂದೆ ಚಳಿಗಾಲದ ಕೊನೆಗೆ ಇರುತ್ತಿತ್ತು, 2024ರಲ್ಲಿ ಸೆಪ್ಟೆಂಬರ್‌ಗೆ ಬಂತು. ಮೇ ತಿಂಗಳ ಎರಡನೇ ಶನಿವಾರ ವಿಶ್ವ ಫೇರ್ ಟ್ರೇಡ್ ದಿನ. ಮೊದಲ ಊಟಕ್ಕೆ ಸೆಪ್ಟೆಂಬರ್ ಇಟ್ಟುಕೊಂಡರೆ ಹಾಲ್ ಬುಕಿಂಗ್, ಆಮಂತ್ರಣ ಎಲ್ಲಾ ಜುಲೈ ಒಳಗೆ ಮುಗಿಸಿಬಿಡಿ. ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ, ಅರ್ಧ ಊರು ಪ್ರವಾಸ ಹೋಗಿರುತ್ತದೆ.