ಹೆಡ್‌ಲೈಟ್ ಆರಿದಾಗ ಹೊತ್ತಿದ ನೀಲಿ ದೀಪ

ಹಾಸನದಿಂದ ಮಂಗಳೂರಿಗೆ ತರಕಾರಿ ಹೊಡೆಯುವ ನನ್ನ ಪಿಕಪ್‌ನ ಹೆಡ್‌ಲೈಟ್ ಮೊದಲ ಸಲ ಕೈಕೊಟ್ಟಿದ್ದು ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ದಾಟಿದ ಮೇಲೆ. ಗಾಡಿ ಗುಂಡಿಗೆ ಬಿತ್ತು, ಎರಡೂ ದೀಪ ಒಟ್ಟಿಗೇ ಹೋದವು. ಎರಡು ಸೆಕೆಂಡಿಗೆ ತಾವಾಗಿಯೇ ಬಂದವು. ಮಳೆ, ಕತ್ತಲು, ಎದುರಿಗೆ ಟ್ಯಾಂಕರ್. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಬೆಳಿಗ್ಗೆ ಅಂಗಡಿಗೆ ಒಯ್ದರೆ ಎಲ್ಲ ಸರಿ. ಬಲ್ಬ್ ಬದಲಾಯಿಸಿದರು, ರಿಲೇ ಬದಲಾಯಿಸಿದರು, ಕೊನೆಗೆ ಕಾಂಬಿನೇಷನ್ ಸ್ವಿಚ್ಚೂ ಹೊಸದಾಯಿತು. ಮೂರನೇ ರಾತ್ರಿ ಮತ್ತೆ ಅದೇ ಕಥೆ. ಅವತ್ತು ಪಕ್ಕದಲ್ಲಿ ಕೂತಿದ್ದ ಹುಡುಗ, 'ಅಣ್ಣ, ನೀವು ಡಿಮ್‌ನಲ್ಲೇ ಇದ್ದೀರಲ್ಲ, ಲೈಟ್ ಹೋದಾಗ ಮೀಟರ್‌ನಲ್ಲಿ ನೀಲಿ ಯಾಕೆ ಉರಿಯಿತು?' ಅಂದ. ಆ ನೀಲಿ ದೀಪ ಹೈ ಬೀಮ್ ಹಾಕಿದಾಗ ಮಾತ್ರ ಉರಿಯಬೇಕಾದದ್ದು.

ಆ ಒಂದು ಮಾತಿಗೇ ದಾರಿ ಸಿಕ್ಕಿತು. ನನ್ನ ಗಾಡಿಯದು ಎಚ್4 ಬಲ್ಬ್, 60/55 ವ್ಯಾಟ್. ಒಳಗೆ ಡಿಮ್‌ಗೊಂದು, ಹೈ ಬೀಮ್‌ಗೊಂದು ತಂತಿ; ಎರಡಕ್ಕೂ ಒಂದೇ ಅರ್ತ್ ಪಿನ್, ಅಂದರೆ ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ಮರಳುವ ದಾರಿ. ಅರ್ತ್ ಕಡಿದರೆ ಡಿಮ್ ತಂತಿಗೆ ಬಂದ ಕರೆಂಟ್‌ಗೆ ಹೊರಹೋಗಲು ದಾರಿಯಿಲ್ಲ. ಅದು ಹೈ ಬೀಮ್ ತಂತಿಯೊಳಗೆ ಹಿಂದಕ್ಕೆ ನುಗ್ಗಿ, ಮೀಟರ್‌ನ ನೀಲಿ ದೀಪದ ಮೂಲಕ ಬಾಡಿ ಸೇರುತ್ತದೆ. ಬಲ್ಬ್ ಆರಿ ನೀಲಿ ಹೊತ್ತಿದರೆ ಸಪ್ಲೈ ಬರುತ್ತಿದೆ, ಅರ್ತ್ ಹೋಗಿದೆ ಎಂದೇ ಅರ್ಥ. ಸ್ವಿಚ್, ರಿಲೇ, ಫ್ಯೂಸ್ ಯಾವುದರ ತಪ್ಪೂ ಅಲ್ಲ. ಎರಡೂ ದೀಪ ಒಟ್ಟಿಗೇ ಹೋಗುತ್ತಿದ್ದುದರಿಂದ ಎರಡಕ್ಕೂ ಸೇರಿದ ಅರ್ತ್ ಮೇಲೇ ಅನುಮಾನ; ಒಂದೇ ದೀಪ ಹೋಗುತ್ತಿದ್ದರೆ ನಾನೂ ಬಲ್ಬ್, ಹೋಲ್ಡರ್ ಅಂತಲೇ ಹುಡುಕುತ್ತಿದ್ದೆ.

ಹೋಲ್ಡರ್ ಕಿತ್ತು ವೋಲ್ಟೇಜ್ ನೋಡಿದರೆ ಈ ದೋಷ ಸಿಕ್ಕುವುದಿಲ್ಲ. ಒಂದೇ ಎಳೆ ಉಳಿದ ವೈರ್ ಕೂಡ ಲೋಡ್ ಇಲ್ಲದಾಗ 12 ವೋಲ್ಟ್ ತೋರಿಸುತ್ತದೆ. ಎರಡು ಬಲ್ಬಿನ ಸುಮಾರು 9 ಆಂಪಿಯರ್ ಎಳೆದಾಗಲೇ ಅದರ ಬಣ್ಣ ಬಯಲಾಗುವುದು. ಹಾಗಾಗಿ ದೀಪ ಹಾಕಿಕೊಂಡೇ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಹೋಲ್ಡರ್ ಹಿಂಭಾಗದಿಂದ ಅರ್ತ್ ಪಿನ್‌ಗೆ ಮುಟ್ಟಿಸಿದೆ. ಅರ್ತ್ ಸರಿಯಿದ್ದರೆ 0.2 ವೋಲ್ಟ್ ಒಳಗಿರಬೇಕು. ಹುಡುಗ ವೈರಿಂಗನ್ನು ಗೇಣುಗೇಣಾಗಿ ಅಲ್ಲಾಡಿಸುತ್ತಾ ಬಂದ. ಬ್ಯಾಟರಿ ಟ್ರೇ ಕೆಳಗಿನ ಬೋಲ್ಟ್ ಹತ್ತಿರ ಕೈ ಇಟ್ಟಿದ್ದೇ ತಡ, 0.3 ಇದ್ದದ್ದು 5ಕ್ಕೆ ಹಾರಿ ದೀಪ ಮಂಕಾಯಿತು.

ಬೋಲ್ಟ್ ಬಿಚ್ಚಿದೆ. ವೈರಿನ ತುದಿಗೆ ಒತ್ತಿದ ಲೋಹದ ಬಳೆ, ಅಂದರೆ ತಿಂಬಲ್, ಅದರ ಕೆಳಗೆ ಪುಡಿಪುಡಿ ತುಕ್ಕು. ವೈರಿನ ಪ್ಲಾಸ್ಟಿಕ್ ಸುಲಿದರೆ ತಾಮ್ರವೆಲ್ಲ ಹಸಿರು ಕಿಲುಬು. ನಾಲ್ಕೈದು ಎಳೆ ಮಾತ್ರ ಜೀವ ಹಿಡಿದುಕೊಂಡಿದ್ದವು. ಕಡಲ ಬದಿಯ ಉಪ್ಪುಗಾಳಿ, ಬ್ಯಾಟರಿ ಆಸಿಡ್‌ನ ಹನಿ, ಎರಡೂ ಸೇರಿ ತಿಂದಿರಬೇಕು. ಹೊಳೆಯುವ ತಾಮ್ರ ಸಿಗುವ ತನಕ ವೈರ್ ಕತ್ತರಿಸಿ, ಹೊಸ ತಿಂಬಲ್ ಒತ್ತಿದೆ. ಬಾಡಿಯ ಪೇಂಟ್ ಉಪ್ಪುಕಾಗದದಲ್ಲಿ ಕೆರೆದು, ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ. ಜೊತೆಗೆ ಬ್ಯಾಟರಿ ನೆಗೆಟಿವ್‌ನಿಂದ ನೇರವಾಗಿ ಇನ್ನೊಂದು 2.5 ಸ್ಕ್ವೇರ್ ಮಿ.ಮೀ. ವೈರ್ ಎಳೆದೆ. ಖರ್ಚು ನೂರು ರೂಪಾಯಿ ದಾಟಲಿಲ್ಲ.

ಬೆಳಕು ಸಾಲದು ಅಂತ 100/90 ವ್ಯಾಟ್ ಬಲ್ಬ್ ಹಾಕುವವರು ದಯವಿಟ್ಟು ಮೊದಲು ಈ ಅರ್ತ್ ನೋಡಿ. ಹಳೆ ವೈರ್, ಹೋಲ್ಡರ್ ಆ ಬಿಸಿ ತಡೆಯುವುದಿಲ್ಲ; ಕರಗಿ ಬಲ್ಬಿಗೇ ಅಂಟಿಕೊಂಡ ಹೋಲ್ಡರನ್ನು ನಾನೇ ಕೈಯಾರೆ ಬಿಡಿಸಿದ್ದೇನೆ. ನನ್ನ ಗಾಡಿಗೆ 60/55 ಸಾಕಾಗಿದೆ. ಅರ್ತ್ ಸರಿಯಾದ ರಾತ್ರಿ ಅದೇ ಬಲ್ಬ್ ಗುಂಡ್ಯದವರೆಗೂ ಹಾಲುಬಿಳಿ ಉರಿಯಿತು. ಪಕ್ಕದಲ್ಲಿದ್ದ ಹುಡುಗ ಮಾತ್ರ ದಾರಿಯುದ್ದಕ್ಕೂ ರಸ್ತೆ ಬಿಟ್ಟು ಮೀಟರನ್ನೇ ನೋಡುತ್ತಾ ಕೂತಿದ್ದ.