ಐದು ಸೆಂಟ್ಸಿನ ಮನೆಗೆ ಲೈಸನ್ಸ್: ಫೈಲ್ ಸಾಗುವ ದಾರಿ

ಜಾಗ ತೆಗೆದ ಮರುದಿನವೇ ನಮ್ಮೂರಿನವರು ಹುಡುಕುವುದು ಕಾರ್ಪೊರೇಟರ್ ಫೋನ್ ನಂಬರ್. ಅದರ ಅಗತ್ಯವಿಲ್ಲ. ಮನೆ ಕಟ್ಟುವ ಪರವಾನಿಗೆಗೆ ಪಾಲಿಕೆಯ ಸಭೆಯಲ್ಲಿ ಯಾರೂ ಕೈ ಎತ್ತುವುದಿಲ್ಲ. ಮಂಗಳೂರು ಮಹಾನಗರ ಪಾಲಿಕೆಯಲ್ಲಿ 1976ರ ಕಾಯ್ದೆಯ ಪ್ರಕಾರ ಆ ಅಧಿಕಾರ ಇರುವುದು ಆಯುಕ್ತರಿಗೆ. ಉಡುಪಿ ನಗರಸಭೆಗೆ ಅನ್ವಯಿಸುವುದು 1964ರ ಪುರಸಭೆಗಳ ಕಾಯ್ದೆ. ಅಲ್ಲಿ ಫೈಲ್ ಹೋಗುವುದು ಪೌರಾಯುಕ್ತರ ಮೇಜಿಗೆ. ಪಂಚಾಯತ್ ವ್ಯಾಪ್ತಿಯವರ '9/11' ಎಂಬ ಖಾತೆ ನಮೂನೆಗಳ ಗೋಳು ಬೇರೆಯೇ ಕಥೆ, ಇಲ್ಲಿ ಬೇಡ.

ಮೊದಲು ಜಾಗದ ಕಾಗದಪತ್ರ. ಪಹಣಿಯಲ್ಲಿ ಕೃಷಿ ಭೂಮಿ ಎಂದಿದ್ದರೆ ಕನ್ವರ್ಷನ್ ಆಗಬೇಕು. ಆಮೇಲೆ, ಮಂಗಳೂರಾದರೆ ಮುಡಾದಿಂದ, ಅಂದರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ, ಏಕನಿವೇಶನ (ಒಂದೇ ಸೈಟಿನ) ವಿನ್ಯಾಸಕ್ಕೆ ಅನುಮೋದನೆ, ನಂತರ ಇ-ಖಾತಾ. ಅಜ್ಜನ ಕಾಲದಿಂದ ತೆಂಗು ನೆಟ್ಟುಕೊಂಡು ಬಂದ ಕುಮ್ಕಿ ಜಾಗವನ್ನು ನಂಬಿ ಅರ್ಜಿ ಹಾಕಬೇಡಿ. ಅನುಭವಿಸುವ ಹಕ್ಕು ನಿಮಗಿರಬಹುದು, ಜಾಗ ಮಾತ್ರ ಸರ್ಕಾರದ್ದು.

ಇಷ್ಟಾದರೆ ನೋಂದಾಯಿತ ಎಂಜಿನಿಯರ್ ನಕ್ಷೆ ಬರೆದು ಆನ್‌ಲೈನಿನಲ್ಲಿ ಹಾಕುತ್ತಾರೆ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಿಮ್ಮ ಜಾಗ ವಸತಿ ವಲಯದಲ್ಲಿದೆಯೇ, ನಾಲ್ಕೂ ಬದಿಗೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಸಾಕಷ್ಟಿದೆಯೇ, ಎಫ್‌ಎಆರ್ (ಜಾಗದ ಅಳತೆಗೆ ಎಲ್ಲ ಮಾಳಿಗೆ ಸೇರಿ ಎಷ್ಟು ಕಟ್ಟಬಹುದೆಂಬ ಅನುಪಾತ) ಮೀರಿದೆಯೇ ಎಂದು ನೋಡುವುದು ಈ ಹಂತದಲ್ಲಿ.

ನಿಜವಾದ ಪರೀಕ್ಷೆ ಸ್ಥಳ ತನಿಖೆಯ ದಿನ. ನನ್ನ ಅಣ್ಣನ ಜಾಗಕ್ಕೆ ಎಂಜಿನಿಯರ್ ಬಂದವರು ನೇರ ಸೈಟಿಗೆ ಹೋಗಲೇ ಇಲ್ಲ. ಗಲ್ಲಿಯ ತಿರುವಿನಲ್ಲಿ ಬೈಕ್ ನಿಲ್ಲಿಸಿ, ಪಕ್ಕದವರ ಕೆಂಪುಕಲ್ಲಿನ ಕಂಪೌಂಡಿಗೆ ಟೇಪ್ ಹಿಡಿದರು. ಕ್ರಯಪತ್ರದಲ್ಲಿ 20 ಅಡಿ ರಸ್ತೆ, ಟೇಪಿನಲ್ಲಿ 14. "ಇದರಲ್ಲಿ ಮೂರು ಮಾಳಿಗೆ ಹೇಗೆ ಮಾರ್ರೆ?" ಎಂದರು. ರಸ್ತೆ ಕಿರಿದಾದಷ್ಟೂ ಎಫ್‌ಎಆರ್ ಇಳಿಯುತ್ತದೆ. ಅಣ್ಣನ ಮೇಲಿನ ಮಾಳಿಗೆ ಅಲ್ಲಿಗೇ ಮುಗಿಯಿತು. ಜಾಗ ನೋಡಲು ಹೋಗುವಾಗಲೇ ಟೇಪ್ ಒಯ್ಯಿರಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಸೈಟಿನ ಬದಿಯಲ್ಲಿ ಮಳೆನೀರಿನ ತೋಡು ಇದ್ದರೂ ಇಷ್ಟು ದೂರ ಬಿಡಬೇಕೆಂಬ ಲೆಕ್ಕವಿದೆ. ಸಮುದ್ರದ ಭರತ ರೇಖೆಯಿಂದ 500 ಮೀಟರ್ ಒಳಗಾದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಬರುತ್ತದೆ. ಉಬ್ಬರದ ನೀರು ಏರುವ ನೇತ್ರಾವತಿ, ಗುರುಪುರ ನದಿಗಳ ದಂಡೆಯೂ ಅದರಿಂದ ತಪ್ಪಿಸಿಕೊಂಡಿಲ್ಲ.

ನೆರೆಮನೆಯವರು ತಕರಾರು ಕೊಟ್ಟರೆ? ಗಡಿ, ಪಾಲಿನ ಜಗಳವಾದರೆ ಕೋರ್ಟಿಗೆ ಹೋಗಿ ಎನ್ನುತ್ತಾರೆ. ಸೆಟ್‌ಬ್ಯಾಕ್ ಕುರಿತಾದರೆ ಮತ್ತೆ ಟೇಪ್ ಹಿಡಿಯುತ್ತಾರೆ.

ತನಿಖಾ ವರದಿ ನಗರ ಯೋಜನಾ ವಿಭಾಗಕ್ಕೆ ಹೋಗಿ, ಸರಿಯಿದ್ದರೆ ಶುಲ್ಕ ಕಟ್ಟಲು ಸೂಚನೆ ಬರುತ್ತದೆ. ಕಟ್ಟಿದ ಮೇಲೆ ಲೈಸನ್ಸ್. ಸರಿಯಿಲ್ಲದಿದ್ದರೆ "ಇನ್ನೊಮ್ಮೆ ಬನ್ನಿ" ಎಂಬ ಬಾಯಿಮಾತು ಕೇಳಿ ವಾಪಸಾಗಬೇಡಿ, ಕಾರಣ ಬರೆದ ಹಿಂಬರಹ ಕೇಳಿ. ಮೇಲ್ಮನವಿಗೆ ಬೇಕಾಗುವುದು ಅದೇ ಕಾಗದ.

ಲೈಸನ್ಸ್ ಸಿಕ್ಕಿತೆಂದು ನಕ್ಷೆ ಮಡಚಿ ಕಪಾಟಿನಲ್ಲಿಟ್ಟು, ಮೇಸ್ತ್ರಿ ಹೇಳಿದಂತೆ ಬಾಲ್ಕನಿ ಮುಂದೆ ಚಾಚಿದವರು ಡೋರ್ ನಂಬರಿಗೆ ಬಂದಾಗ ಸಿಕ್ಕಿಬೀಳುತ್ತಾರೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮುಕ್ತಾಯ ಪತ್ರವಿಲ್ಲದ (ನಕ್ಷೆಯಂತೆಯೇ ಕಟ್ಟಿ ಮುಗಿಸಿದೆ ಎಂಬ ಕಾಗದವಿಲ್ಲದ) ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಹೇಳಿದ ಮೇಲೆ, ಮೀಟರ್ ಕೇಳಲು ಹೋದಲ್ಲಿಯೂ ಅದೇ ಪ್ರಶ್ನೆ.