ಹಳೆ ಸ್ಪೋರ್ಟ್ಸ್ ಕಾರಿನ ಟೈಮಿಂಗ್ ಬೆಲ್ಟ್: ಕಿಲೋಮೀಟರ್ ಒಂದೇ ನೋಡ್ಬೇಡಿ

ಹಳೆ ಸ್ಪೋರ್ಟ್ಸ್ ಕಾರ್ ತಗೊಂಡವ್ರು ಸ್ವಲ್ಪ ಗಮನಿಸಿ ಮಾರ್ರೆ, ಮೀಟರಲ್ಲಿ 40,000 ಮಾತ್ರ ಉಂಟು ಅಂತ ಟೈಮಿಂಗ್ ಬೆಲ್ಟ್ (ಇಂಜಿನಲ್ಲಿ ಪಿಸ್ಟನ್, ವಾಲ್ವ್ ಎರಡರ ತಾಳ ತಪ್ಪದ ಹಾಗೆ ಇಡುವ ಹಲ್ಲಿನ ರಬ್ಬರ್ ಬೆಲ್ಟ್) ಹಾಗೇ ಬಿಡ್ಬೇಡಿ. ನಮ್ಮ ಉಡುಪಿ ಮಂಗಳೂರು ಕಡೆ ಇಂಥ ಕಾರು ಮಳೆಗಾಲ ಪೂರ್ತಿ ಶೆಡ್ಡಲ್ಲೇ ಇರ್ತದೆ, ಕಿಲೋಮೀಟರ್ ಏರುದಿಲ್ಲ, ಆದ್ರೆ ರಬ್ಬರಿಗೆ ವಯಸ್ಸು ಆಗ್ತಾನೇ ಇರ್ತದೆ. ಮ್ಯಾನುವಲ್ಲಲ್ಲಿ ಕಿಲೋಮೀಟರ್, ವರ್ಷ ಎರಡೂ ಕೊಟ್ಟಿದ್ರೆ ಯಾವುದು ಮೊದ್ಲು ಬರ್ತದೋ ಅದೇ ಲೆಕ್ಕ. ಹಿಂದಿನ ಓನರ್ "ಮೊನ್ನೆ ಮೊನ್ನೆ ಹಾಕ್ಸಿದ್ದು" ಅಂದ್ರೆ ಸಾಕಾಗುದಿಲ್ಲ, ಬಿಲ್ ಇಲ್ಲದಿದ್ರೆ ಹಾಕ್ಸಿಲ್ಲ ಅಂತಲೇ ತಿಳ್ಕೊಳ್ಳಿ.

ಪೋರ್ಷೆ 944ರಂಥ ಇಂಜಿನಲ್ಲಿ ಬೆಲ್ಟ್ ತುಂಡಾದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡೀತದೆ, ವಾಲ್ವ್ ಬೆಂಡ್, ಹೆಡ್ (ವಾಲ್ವ್ ಕೂತಿರುವ ಇಂಜಿನಿನ ಮೇಲಿನ ಭಾಗ) ಬಿಚ್ಚದೆ ಬೇರೆ ದಾರಿ ಇಲ್ಲ. ಮೊದಲ ಮಾಡೆಲ್ ಮಾಜ್ದಾ ಎಂಎಕ್ಸ್-5ರ 1.6 ಇಂಜಿನಲ್ಲಿ ಹಾಗಾಗುದಿಲ್ಲ, ಗಾಡಿ ನಿಲ್ತದೆ ಅಷ್ಟೇ, ಆದ್ರೂ ಆಗುಂಬೆ ಘಾಟಿ ತಿರುವಲ್ಲಿ ರಾತ್ರಿ ನಿಂತ್ರೆ ಎಂತ ಮಾಡುದು ಹೇಳಿ?

ಕಳೆದ ವರ್ಷ ನನ್ನ ಗಾಡಿಯ ಕವರ್ ತೆಗ್ಸಿದಾಗ ಬೆಲ್ಟ್ ಮೇಲಿಂದ ಚಂದ ಕಾಣ್ತಿತ್ತು, ಬಿಚ್ಚಿ ಹಲ್ಲಿನ ಬದಿ ತಿರುಗಿಸಿ ನೋಡಿದ್ರೆ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಒಂದು ಅಂಚಿಡೀ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೀಲಿಂದ ಸೋರಿದ ಆಯಿಲ್. ಆಯಿಲ್ ತಾಗಿದ ಬೆಲ್ಟಿಗೆ ವರ್ಷ ಎಣಿಸ್ಲಿಕ್ಕೇ ಹೋಗ್ಬೇಡಿ, ತೆಗೀರಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಶನರ್, ಬೆಲ್ಟಿಗೆ ದಾರಿ ಕೊಡುವ ಐಡ್ಲರ್ ರಾಟೆ, ಸೀಲ್ ಒಟ್ಟಿಗೇ ಹಾಕ್ಸಿ, ವಾಟರ್ ಪಂಪ್ ಅದೇ ಬೆಲ್ಟಲ್ಲಿ ತಿರುಗುದಾದ್ರೆ ಅದೂ ಕೂಡ, ಬಿಚ್ಚುವ ಕೂಲಿ ಎರಡೆರಡು ಸಲ ಯಾಕೆ ಕೊಡುದು. ಮತ್ತೆ ಸ್ಟಾರ್ಟ್ ಮಾಡುವ ಮೊದ್ಲು ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಸ್ಪ್ಯಾನರಲ್ಲಿ ಕೈಯಿಂದಲೇ 2 ಪೂರ್ತಿ ಸುತ್ತು ತಿರುಗಿಸ್ಲಿಕ್ಕೆ ಹೇಳಿ, ಕ್ರ್ಯಾಂಕ್, ಕ್ಯಾಮ್ ಎರಡರ ಟೈಮಿಂಗ್ ಮಾರ್ಕ್ ಸರಿ ಕೂತಿದೆಯಾ ಅಂತ ನೀವೇ ಎದುರು ನಿಂತು ನೋಡಿ.